ಒಂದು ಟ್ಯಾಂಕು, ಏಳು ತೊಂಬೆ

ನನ್ನ ಮೊಮ್ಮಗಳ ಕೆಲಸ ಉಳಿಯಿತು. ಉಳಿದದ್ದಷ್ಟೇ ಅಲ್ಲ, ಇವತ್ತಿನಿಂದ ಅವಳ ಗುಂಪಿಗೆ ಅವಳೇ ಮುಂದಾಳು. ಮಧ್ಯಾಹ್ನ ಜಗಲಿಯ ಮೇಲೆ ಕೂತು ಈ ವರ್ಷದ ಮೊದಲ ಅವರೆಕಾಯಿ ಸುಲಿಯುತ್ತಿದ್ದೆ, ಫೋನು ಬಂತು.

"ಅಜ್ಜಿ, ದೀಪಾವಳಿ ಮೂರು ದಿನದಲ್ಲಿ ಒಂದೇ ಒಂದು ಆರ್ಡರ್ ಕೂಡ ತಪ್ಪಿಲ್ಲ. ಇವತ್ತು ಮೀಟಿಂಗಲ್ಲಿ ಹೇಳಿದ್ರು. ನನ್ನನ್ನೇ ಲೀಡ್ ಮಾಡಿದ್ದಾರೆ."

ಏನು ಹೇಳಿದೆನೋ ನೆನಪಿಲ್ಲ. ಫೋನು ಇಟ್ಟ ಮೇಲೆ ನೋಡಿದರೆ, ಮೊರದಲ್ಲಿದ್ದ ಕಾಳನ್ನೆಲ್ಲ ಸಿಪ್ಪೆಯ ರಾಶಿಗೆ ಸುರಿದುಬಿಟ್ಟಿದ್ದೆ. ಮತ್ತೆ ಒಂದೊಂದೇ ಕಾಳು ಹೆಕ್ಕುತ್ತ, ಬೀದಿಯಲ್ಲಿ ಹೋದವರಿಗೆಲ್ಲ ಹೇಳಿದೆ. ಹಾಲಿನವನಿಗೆ ಹೇಳಿದೆ. ಕರೆಂಟ್ ಬಿಲ್ಲು ಕೊಡಲು ಬಂದವನಿಗೂ ಹೇಳಿದೆ. ಅವನು "ಒಳ್ಳೇದಾಯ್ತು ಕಣಜ್ಜಿ, ಬಿಲ್ ಹಿಡ್ಕೊಳ್ಳಿ" ಅಂದ. ಎದುರುಮನೆಯವಳು ಒಂದು ಸಲ ಕೇಳಿಸಿಕೊಂಡು ಒಳಗೆ ಹೋಗಿದ್ದಳು, ಅವಳನ್ನು ಮತ್ತೆ ಕರೆದು ಹೇಳಿದೆ.

ಆದರೆ ಕಾಳು ಹೆಕ್ಕಿ ಮುಗಿಯುವ ಹೊತ್ತಿಗೆ ಕೈ ನಿಧಾನವಾಯಿತು. ಆ ಕೆಲಸಕ್ಕೆ ಕುತ್ತು ತಂದವಳೂ ನಾನೇ. ಅವಳಿಗೆ ನಾನು ಹೇಳಿದ್ದು ಅರ್ಧ ಕತೆ. ಉಳಿದರ್ಧವನ್ನು ಒಂಬತ್ತು ವರ್ಷ ಬಚ್ಚಿಟ್ಟಿದ್ದೆ.

ನಮ್ಮೂರು ಯಲಹಂಕದಿಂದ ಬಾಗಲೂರಿಗೆ ಹೋಗುವ ದಾರಿಯಲ್ಲಿದೆ. ನನ್ನ ಯಜಮಾನರು ಊರಿಗೆ ನೀರುಗಂಟಿಯಾಗಿದ್ದರು. ಹಿಂದೆ ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವವರನ್ನು ಹಾಗೆ ಕರೆಯುತ್ತಿದ್ದರು. ಈಗ ಮೋಟರು ಹಾಕಿ, ವಾಲ್ವು ತಿರುಗಿಸಿ, ಬೀದಿ ಬೀದಿಗೆ ಕುಡಿಯುವ ನೀರು ಬಿಡುವವರಿಗೂ ಅದೇ ಹೆಸರು. ಅವರು ತೀರಿಕೊಂಡ ಮೇಲೆ ಪಂಚಾಯಿತಿಯವರು ಆ ಕೆಲಸವನ್ನು ನನಗೇ ಕೊಟ್ಟರು. ನಾಲ್ಕನೇ ಕ್ಲಾಸು ಓದಿದವಳು ನಾನು. ಆದರೆ ಯಾವ ಗುಂಡಿಯಲ್ಲಿ ಯಾವ ವಾಲ್ವು, ಎಷ್ಟು ಸುತ್ತು ತಿರುಗಿಸಿದರೆ ಯಾವ ಬೀದಿಗೆ ಎಷ್ಟು ನೀರು ಎಂಬುದು ಅವರ ಹಿಂದೆ ಬುತ್ತಿ ಹೊತ್ತುಕೊಂಡು ಓಡಾಡಿಯೇ ನನಗೆ ಗೊತ್ತಾಗಿತ್ತು.

ಆಗ ಊರಿಗೆಲ್ಲ ಒಂದೇ ಟ್ಯಾಂಕು. ಮುನೇಶ್ವರನ ಗುಡಿಯ ದಿಬ್ಬದ ಮೇಲೆ, ನಾಲ್ಕು ಕಂಬದ ಮೇಲೆ ನಿಂತಿತ್ತು. ಒಂದು ಮೋಟರು, ಕೆಳಗೆ ಇಳಿಯುವ ದಪ್ಪ ಪೈಪು ಒಂದು, ಅಲ್ಲಿಂದ ಏಳು ಬೀದಿಗೆ ಕವಲು. ಬೆಳಿಗ್ಗೆ ಏಣಿ ಹತ್ತಿ ಒಂದು ಸಲ ಒಳಗೆ ಇಣುಕಿದರೆ ಊರಿನ ನೀರೆಷ್ಟಿದೆ ಎಂದು ತಿಳಿಯುತ್ತಿತ್ತು. ಸೋಮವಾರ ಸೋಮವಾರ ಒಂದು ಬಕೆಟ್ಟಿನಲ್ಲಿ ಬ್ಲೀಚಿಂಗ್ ಪೌಡರು ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿನೀರನ್ನು ಟ್ಯಾಂಕಿಗೆ ಸುರಿದರೆ ಊರಿನ ನೀರೆಲ್ಲ ಶುದ್ಧ. ಒಂದು ಏಣಿ, ಒಂದು ಬಕೆಟ್ಟು. ಅದರ ಬೆಲೆ ಆಗ ನನಗೆ ತಿಳಿಯಲಿಲ್ಲ.

ತಿಳಿದದ್ದು ಅದರ ಕಾಟ ಮಾತ್ರ. ಮೇಲಿನ ಬೀದಿಯಲ್ಲಿ ಬಾಡಿಗೆ ಮನೆಗಳು ಎದ್ದವು. ಅವರಿಗೆ ನೀರು ಸಾಲದು. ಅವರಿಗೆ ಹೆಚ್ಚು ಕೊಡಬೇಕೆಂದರೆ ಊರಿಗೆಲ್ಲ ಹೆಚ್ಚು ಬಿಡಬೇಕು. ಮೇಲಿನ ಬೀದಿಯ ಕೊಡ ತುಂಬುವಷ್ಟರಲ್ಲಿ ಕೆಳಗಿನ ಬೀದಿಯ ನಲ್ಲಿಗಳು ಚರಂಡಿಗೆ ಹರಿಯುತ್ತಿದ್ದವು. ಎರಡು ಸಾವಿರದ ಎಂಟರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಸುತ್ತಲೂ ಲೇಔಟುಗಳು ಶುರುವಾದವು. ಆ ವರ್ಷವೇ ಹಿಟ್ಟಿನ ಮಿಲ್ಲಿನ ಬೀದಿಯಲ್ಲಿ ಜೆಸಿಬಿ ನೆಲ ಅಗೆಯುವಾಗ ನಮ್ಮ ಪೈಪನ್ನು ಕಿತ್ತುಹಾಕಿತು. ಆ ಬೀದಿಯ ವಾಲ್ವು ತುಕ್ಕು ಹಿಡಿದು ತಿರುಗಲೇ ಇಲ್ಲ. ಟ್ಯಾಂಕಿನ ಬುಡದಲ್ಲೇ ಮುಚ್ಚಿದೆ. ಮುರಿದದ್ದು ಒಂದು ಬೀದಿಯಲ್ಲಿ, ಒಣಗಿದ್ದು ಏಳು ಬೀದಿ, ಮೂರು ದಿನ.

ಎರಡನೆಯ ದಿನ ಮೇಲಿನ ಬೀದಿಯ ಒಂದು ಮನೆಯಲ್ಲಿ ತಿಥಿ. ಆ ಮನೆಯ ಹೆಂಗಸು ಖಾಲಿ ಕೊಡ ತಂದು ನನ್ನ ಕಾಲ ಹತ್ತಿರ ಕುಕ್ಕಿದಳು.

"ಮುರ್ದಿದ್ದು ಮಿಲ್ ಬೀದೀಲಿ ಕಣಮ್ಮ. ನಮ್ ಬಾಯಿಗ್ಯಾಕೆ ಮಣ್ಣಾಕ್ತೀಯ?"

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಆ ಮಾತೇ ತಲೆಯಲ್ಲಿ ಕೂತಿತು. ಮುಂದಿನ ಗ್ರಾಮಸಭೆಯಲ್ಲಿ ಜೀವಮಾನದಲ್ಲಿ ಮೊದಲ ಸಲ ಎದ್ದು ನಿಂತು ಮಾತಾಡಿದೆ. ಬೀದಿಗೊಂದು ಬೋರು ಕೊಡಿ, ಬೀದಿಗೊಂದು ತೊಂಬೆ ಕಟ್ಟಿಸಿ, ಬೀದಿಗೊಂದು ಮೋಟರು ಇಡಿ, ಒಬ್ಬರದು ಕೆಟ್ಟರೆ ಇನ್ನೊಬ್ಬರಿಗೆ ತೊಂದರೆ ಬೇಡ ಎಂದೆ. ತೊಂಬೆ ಅಂದರೆ ಕಟ್ಟೆಯ ಮೇಲೆ ಕೂರಿಸಿ ಸುತ್ತ ನಲ್ಲಿ ಹಾಕುವ ಸಣ್ಣ ಟ್ಯಾಂಕು.

ಒಬ್ಬ ಮೆಂಬರು ನಕ್ಕ. "ಏನಮ್ಮೋ, ಗಂಡ ಇರೋತನಕ ವಾಲ್ವ್ ಗುಂಡಿ ಮುಖ ನೋಡಿರ್ಲಿಲ್ಲ. ಈಗ ಇಂಜಿನಿಯರ್ ಆಗೋದ್ಯಾ?"

"ಗುಂಡಿಗಿಳ್ದೋರಿಗೆ ಗೊತ್ತು ಸ್ವಾಮಿ ಅದರ ಆಳ. ನೀವು ಮ್ಯಾಲ್ ನಿಂತ್ಕಂಡು ಟಾರ್ಚ್ ಬಿಟ್ಟೋರು" ಎಂದೆ.

ಜನ ನಕ್ಕರು. ನನ್ನ ಮಾತು ನಡೆಯಿತು. ಆರು ತಿಂಗಳೊಳಗೆ ಏಳು ಬೀದಿಗೆ ಏಳು ತೊಂಬೆ ಎದ್ದು ನಿಂತವು. ಸ್ವಿಚ್ಚಿನ ಪೆಟ್ಟಿಗೆಗೆ ಬೀಗ, ಅದರ ಕೀಲಿ ಆಯಾ ಬೀದಿಯ ಒಂದೊಂದು ಮನೆಯಲ್ಲಿ. ದಿಬ್ಬದ ಮೇಲಿನ ದೊಡ್ಡ ಟ್ಯಾಂಕಿನ ಮೇಲೆ ಪಾರಿವಾಳ ಕೂರತೊಡಗಿದವು.

ಮೊದಲ ವರ್ಷ ಸ್ವರ್ಗ. ಮಿಲ್ ಬೀದಿಯ ಮೋಟರು ಸುಟ್ಟಾಗ ಆರು ಬೀದಿಯವರಿಗೆ ಅದು ಗೊತ್ತೇ ಆಗಲಿಲ್ಲ. ಆ ಬೀದಿಯ ಹೆಂಗಸರು ಪಕ್ಕದ ಬೀದಿಗೆ ಕೊಡ ತಂದು, ತುಂಬಿಕೊಂಡು, ನಾಲ್ಕು ಮಾತಾಡಿ ಹೋದರು. ಮೇಲಿನ ಬೀದಿಯವರು ಯಾರನ್ನೂ ಕೇಳದೆ ತಮ್ಮ ತೊಂಬೆಯ ಪಕ್ಕ ಇನ್ನೊಂದು ತೊಂಬೆ ಇಟ್ಟುಕೊಂಡರು. ಕೊಡ ಕುಕ್ಕಿದ್ದ ಹೆಂಗಸು ಎದುರಿಗೆ ಸಿಕ್ಕಿ, ಈಗ ಹೊಟ್ಟೆ ತಣ್ಣಗಾಯ್ತು ಕಣಮ್ಮ ಎಂದಳು. ನಾನು ತಲೆ ಎತ್ತಿ ನಡೆದೆ.

ವರ್ಷದ ಕೊನೆಗೆ, ಪೌಡರು ಹಾಕುವುದನ್ನೂ ಬೀದಿಯವರಿಗೇ ಬಿಡಿ ಎಂದು ಪಂಚಾಯಿತಿಯಿಂದ ಬ್ಲೀಚಿಂಗ್ ಪೌಡರಿನ ಏಳು ಡಬ್ಬ ಬಂದವು. ಕೀಲಿ ಇದ್ದ ಮನೆಗೆ ಒಂದೊಂದು ಕೊಟ್ಟು, ಹೀಗೆ ಕಲಸಿ, ಹೀಗೆ ಸುರಿಯಿರಿ ಎಂದು ಹೇಳಿದೆ. ಹೇಳಿದರೆ ಆಯಿತು ಅಂದುಕೊಂಡೆ. ನಮ್ಮ ಬೀದಿಯ ಕೀಲಿಯೂ ಡಬ್ಬವೂ ನಮ್ಮ ಮನೆಯಲ್ಲೇ ಇದ್ದವು. ಕೀಲಿ ತೂಗುಬಿದ್ದದ್ದು ಸೊಸೆಯ ಅಡುಗೆಮನೆಯ ಮೊಳೆಯಲ್ಲಿ. ದಿನಾ ಮೋಟರು ಹಾಕುವವಳು ಅವಳು, ಪೌಡರನ್ನೂ ಅವಳೇ ಹಾಕುತ್ತಾಳೆ ಎಂದು ನಾನು. ಊರಿಗೆ ನೀರುಗಂಟಿ ಅತ್ತೆ, ಅತ್ತೆಯೇ ಹಾಕುತ್ತಾರೆ ಎಂದು ಅವಳು. ಒಂದೇ ಸೂರಿನಡಿ ಇದ್ದ ಇಬ್ಬರು ಒಂದು ದಿನವೂ ಒಬ್ಬರನ್ನೊಬ್ಬರು ಕೇಳಲಿಲ್ಲ.

ಮೊಮ್ಮಗಳು ಆಗ ಎರಡನೇ ಪಿಯುಸಿ. ಎರಡು ಸಾವಿರದ ಹತ್ತು. ಪರೀಕ್ಷೆಗೆ ಹದಿನೈದು ದಿನ ಇರುವಾಗ ಅನ್ನ ಸೇರದಾಯಿತು. ಕಣ್ಣು ಹಳದಿ. ಕಾಮಾಲೆ ಎಂದರು ಡಾಕ್ಟರು.

"ನೀರಿಂದ ಬಂದಿರ್ಬೇಕು. ಹೊರಗಡೆ ಏನಾದ್ರೂ ತಿಂದ್ಯೇನಮ್ಮ?"

ಅವಳು ತಲೆ ತಗ್ಗಿಸಿ, ಯಲಹಂಕದ ಬಸ್ ಸ್ಟ್ಯಾಂಡ್ ಹತ್ತಿರ ಗೆಳತಿಯರ ಜೊತೆ ಎರಡು ಸಲ ಪಾನಿಪುರಿ ತಿಂದೆ ಎಂದಳು.

"ಅದೇ ಡಾಕ್ಟ್ರೇ, ಅದೇ" ಎಂದೆ ನಾನು. ಆಗ ಅದು ಸುಳ್ಳಾಗಿರಲಿಲ್ಲ, ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ.

ಮನೆಗೆ ಬಂದು ಅವಳನ್ನು ಮಲಗಿಸಿದೆ. ನೀರಿಂದ ಎಂಬ ಮಾತು ಕಿವಿಯಲ್ಲೇ ಇತ್ತು. ಅಟ್ಟದ ಮೇಲಿನ ಬ್ಲೀಚಿಂಗ್ ಡಬ್ಬ ಇಳಿಸಿದೆ. ಪಂಚಾಯಿತಿಯವರು ಮುಚ್ಚಳಕ್ಕೆ ಸುತ್ತಿದ ದಾರ ಬಿಚ್ಚಿರಲಿಲ್ಲ. ಡಬ್ಬ ಬಂದು ಮೂರು ತಿಂಗಳಾಗಿತ್ತು.

ಸಂಜೆ ಯಾರೂ ನೋಡದ ಹಾಗೆ ಪೌಡರು ಕಲಸಿ ತೊಂಬೆಗೆ ಸುರಿದೆ. ಬೇಸಿಗೆಯಲ್ಲಿ ತೊಂಬೆ ಬರಿದಾದಾಗ ಚರಂಡಿಯ ಪಕ್ಕದ ಪೈಪಿನ ಬಿರುಕಿನಿಂದ ಕೊಳೆ ಒಳಗೆ ಸೇರುತ್ತಿತ್ತು ಎಂಬುದು ಆಮೇಲೆ ಅಗೆಸಿದಾಗ ಗೊತ್ತಾಯಿತು. ವಾರವಾರ ಪೌಡರು ಬಿದ್ದಿದ್ದರೆ ಬಹುಶಃ ಇಷ್ಟಾಗುತ್ತಿರಲಿಲ್ಲ. ನಮ್ಮ ಬೀದಿಯ ಇನ್ನೆರಡು ಮಕ್ಕಳಿಗೂ ಕಣ್ಣು ಹಳದಿಯಾಗಿತ್ತು. ಕೇಳಿದವರಿಗೆಲ್ಲ ಪಾನಿಪುರಿ, ಪಾನಿಪುರಿ ಎಂದೆ. ಈ ಸಲ ಗೊತ್ತಿದ್ದೇ ಹೇಳಿದ ಸುಳ್ಳು. ಗ್ರಾಮಸಭೆಯಲ್ಲಿ ಎದ್ದು ನಿಂತು ಏಳು ತೊಂಬೆ ಕೇಳಿದವಳು ನಾನು. ನನ್ನ ಮನೆಯ ಡಬ್ಬವೇ ತೆರೆದಿರಲಿಲ್ಲ ಎಂದು ಯಾವ ಬಾಯಲ್ಲಿ ಹೇಳಲಿ?

ನನ್ನ ಮಗ ಸಿಟ್ಟಿನಿಂದ ಇಬ್ಬರನ್ನು ಕರೆದುಕೊಂಡು ಹೋಗಿ ಆ ಪಾನಿಪುರಿ ಗಾಡಿಯವನ ಮೇಲೆ ಕೂಗಾಡಿ ಬಂದ. ಮುಂದಿನ ವಾರ ಗಾಡಿ ಅಲ್ಲಿರಲಿಲ್ಲ. ನಾನು ಆಗಲೂ ಬಾಯಿ ಬಿಡಲಿಲ್ಲ.

ಮಕ್ಕಳೆಲ್ಲ ಹುಷಾರಾದರು. ಅವಳ ಪರೀಕ್ಷೆ ಹೋಯಿತು. ಗೆಳತಿಯರು ಇಂಜಿನಿಯರಿಂಗ್ ಸೇರಿದರು. ಇವಳು ಮನೆಯಲ್ಲಿ ಕೂತು ಅದೇ ಪುಸ್ತಕಗಳನ್ನು ಮತ್ತೊಂದು ವರ್ಷ ಓದಿದಳು. ಆಮೇಲೆ ಸೀಟು ಸಿಕ್ಕಿತು, ಓದಿದಳು, ಹೆಬ್ಬಾಳದ ಹತ್ತಿರ ಕೆಲಸವೂ ಸಿಕ್ಕಿತು. ಆದರೆ ನೆಂಟರು ಬಂದಾಗಲೆಲ್ಲ "ಏನಮ್ಮ ಪಾನಿಪುರಿ ಇಂಜಿನಿಯರ್" ಎಂದು ನಗುವುದು ನಿಲ್ಲಲಿಲ್ಲ. ಅವಳೂ ನಗುತ್ತಿದ್ದಳು. ಮತ್ತೆಂದೂ ಪಾನಿಪುರಿ ಮುಟ್ಟಲಿಲ್ಲ. ತನ್ನ ಒಂದು ವರ್ಷವನ್ನು ತಾನೇ ತಿಂದುಕೊಂಡೆ ಎಂದು ನಂಬಿದ್ದಳು.

ಅವಳದು ಸಣ್ಣ ಕಂಪನಿ. ಫೋನಿನಲ್ಲಿ ಒತ್ತಿದರೆ ಹೂವು, ಹಣ್ಣು, ತರಕಾರಿ ಮನೆ ಬಾಗಿಲಿಗೆ ತಂದುಕೊಡುತ್ತಾರೆ. ಎರಡು ವರ್ಷದ ಹಿಂದೆ ಒಂದು ಭಾನುವಾರ ಜಗಲಿಯ ಮೇಲೆ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ತಲೆ ಕೆರೆದುಕೊಳ್ಳುತ್ತಿದ್ದಳು.

"ಏನ್ ಮಗಾ ಯೋಚ್ನೆ?"

"ಅಜ್ಜಿ, ನಮ್ದು ಒಂದೇ ದೊಡ್ಡ ಪ್ರೋಗ್ರಾಮ್. ಆರ್ಡರ್ ತಗೊಳ್ಳೋದು, ದುಡ್ಡು ಇಸ್ಕೊಳ್ಳೋದು, ಸ್ಟಾಕ್ ನೋಡೋದು, ಗಾಡಿ ಕಳ್ಸೋದು ಎಲ್ಲಾ ಅದ್ರಲ್ಲೇ. ಮಾನೊಲಿತ್ ಅಂತಾರೆ. ನಿನ್ನೆ ಒಬ್ಬ ಟೊಮೆಟೊ ಫೋಟೋ ಬದಲಾಯಿಸ್ದ, ದುಡ್ಡು ಇಸ್ಕೊಳ್ಳೋದೇ ನಿಂತೋಯ್ತು."

"ಟೊಮೆಟೊಗೂ ದುಡ್ಡಿಗೂ ಏನ್ ಸಂಬಂಧ?"

"ಅದೇ ನಾನೂ ಕೇಳ್ತಿರೋದು. ಎಲ್ಲಾ ಒಂದ್ರೊಳಗೊಂದು ಸಿಕ್ಕಾಕೊಂಡಿದೆ. ಈಗ ಬೇರೆ ಕಂಪನಿಗಳಲ್ಲಿ ಮೈಕ್ರೋಸರ್ವಿಸ್ ಅಂತ ಮಾಡ್ತಾರೆ. ಒಂದೊಂದು ಕೆಲ್ಸಕ್ಕೆ ಒಂದೊಂದು ಸಣ್ಣ ಪ್ರೋಗ್ರಾಮ್, ಬೇರೆ ಬೇರೆ ಮೆಷಿನಲ್ಲಿ. ಒಂದು ಕೆಟ್ರೆ ಇನ್ನೊಂದು ನಿಲ್ಲಲ್ಲ. ಒಡೀಬೇಕಾ ಬೇಡ್ವಾ, ಒಬ್ಬೊಬ್ರೂ ಹೇಳಿ ಅಂದಿದ್ದಾರೆ."

ನನ್ನ ಎದೆ ಉಬ್ಬಿತು. ಓದಿದ ಮೊಮ್ಮಗಳು ಕೇಳುತ್ತಿರುವುದು ನನಗೆ ಗೊತ್ತಿರುವ ವಿಷಯ. ದಿಬ್ಬದ ಟ್ಯಾಂಕು, ಜೆಸಿಬಿ, ಕುಕ್ಕಿದ ಕೊಡ, ಗ್ರಾಮಸಭೆ ಎಲ್ಲ ಹೇಳಿದೆ. ಏಳು ತೊಂಬೆ ಬಂದ ಮೊದಲ ವರ್ಷ ಹೇಗಿತ್ತು ಎಂದು ಬಣ್ಣಿಸಿದೆ. ಅಲ್ಲಿಗೇ ನಿಲ್ಲಿಸಿದೆ.

"ಆಮೇಲೆ?" ಎಂದಳು.

"ಆಮೇಲೇನು, ಎಲ್ಲಾರ್ಗೂ ನೀರ್ ಬಂತು" ಎಂದೆ.

ಆ ಮಾತು ನೆನೆದರೆ ಇವತ್ತಿಗೂ ನಾಲಿಗೆ ಕಹಿಯಾಗುತ್ತದೆ. ಎರಡನೆಯ ವರ್ಷದ ಕತೆ ಹೇಳಿದರೆ ಡಬ್ಬದ ದಾರದವರೆಗೆ ಹೋಗಬೇಕಿತ್ತು. ನನ್ನ ಮರ್ಯಾದೆ ಕಾಯಲು ಅವಳ ಕಣ್ಣಿಗೆ ಬಟ್ಟೆ ಕಟ್ಟಿದೆ. ಅವಳು ಆಫೀಸಿನ ಬೋರ್ಡಿನ ಮೇಲೆ ನಮ್ಮೂರ ಟ್ಯಾಂಕು ಬರೆದು, ಏಳು ತೊಂಬೆ ಬರೆದು, ಎಲ್ಲರೆದುರು ಮಾತಾಡಿದಳಂತೆ. ಒಬ್ಬ ಹಿರಿಯರು, ನಾವಿರೋದು ಇಷ್ಟು ಜನ, ಇಷ್ಟೊಂದು ತುಂಡು ನೋಡ್ಕೊಳ್ಳೋರ್ಯಾರು ಎಂದು ಕೇಳಿದರಂತೆ. "ನಮ್ಮಜ್ಜಿ ಒಬ್ಳೇ ಏಳು ಬೀದಿ ನೋಡ್ಕೊಂಡ್ಳು ಸಾರ್" ಎಂದಳಂತೆ. ಎಲ್ಲರೂ ನಕ್ಕು ಒಪ್ಪಿದರಂತೆ. ಬಂದು ಹೇಳಿದಾಗ ನಾನೂ ನಕ್ಕೆ.

ಒಡೆದರು. ಹನ್ನೆರಡು ತುಂಡಾಯಿತು. ಮೊದಮೊದಲು ನಮ್ಮ ತೊಂಬೆಗಳ ಹಾಗೆಯೇ ಚೆನ್ನಾಗಿತ್ತು. ಫೋಟೋದವನು ಫೋಟೋ ಬದಲಾಯಿಸಿದರೆ ದುಡ್ಡು ನಿಲ್ಲುತ್ತಿರಲಿಲ್ಲ. ಹಬ್ಬದ ಮುಂಚೆ ಆರ್ಡರ್ ಜಾಸ್ತಿಯಾದರೆ ಆ ತುಂಡಿಗೆ ಮಾತ್ರ ಬಲ ಕೊಡುತ್ತಿದ್ದರು, ಮೇಲಿನ ಬೀದಿಯವರು ಇನ್ನೊಂದು ತೊಂಬೆ ಇಟ್ಟುಕೊಂಡ ಹಾಗೆ.

ಈ ವರ್ಷದ ವರಮಹಾಲಕ್ಷ್ಮಿ ಹಬ್ಬಕ್ಕೆ ತಾವರೆ, ಸೇವಂತಿಗೆ, ಬಾಳೆಕಂದಿಗೆ ಜನ ಮುಗಿಬಿದ್ದರು. ಬೆಳಗಾದರೂ ಎಷ್ಟೋ ಮನೆಗೆ ಹೂವು ಹೋಗಲೇ ಇಲ್ಲ. ಕಳಶ ಕೂರಿಸಿಕೊಂಡ ಹೆಂಗಸರು ಫೋನಿನಲ್ಲಿ ಅತ್ತರಂತೆ. ಸಂಜೆ ಮೊಮ್ಮಗಳು ಬಂದಾಗ ಮುಖ ಬಿಳಿಚಿಕೊಂಡಿತ್ತು.

"ದುಡ್ಡಿನ ತುಂಡು ದುಡ್ಡು ಇಸ್ಕೊಂಡಿದೆ ಅಜ್ಜಿ. ಸ್ಟಾಕಿನ ತುಂಡು ಹೂವು ತೆಗ್ದಿಟ್ಟಿದೆ. ಗಾಡಿಯ ತುಂಡಿಗೆ ಸುದ್ದೀನೇ ಹೋಗಿಲ್ಲ. ದಾರಿ ಮಧ್ಯೆ ಬಿದ್ದೋಗಿದೆ. ಯಾವ ತುಂಡು ನೋಡಿದ್ರೂ 'ನಾನು ಸರಿ ಇದ್ದೀನಿ' ಅಂತ ಹಸಿರು ದೀಪ ತೋರಿಸ್ತಿತ್ತು. ತಾವರೆ ಎಲ್ಲಾ ಗೋಡೌನಲ್ಲೇ ಬಾಡೋದ್ವು."

"ಸುದ್ದಿ ಓಯ್ತೋ ಇಲ್ವೋ ಅಂತ ನೋಡೋರು ಯಾರು?"

"ಕಳ್ಸೋನು ತಗೊಳ್ಳೋನು ನೋಡ್ಕೋತಾನೆ ಅಂದ್ಕೊಂಡಿದ್ದ. ತಗೊಳ್ಳೋನು ಕಳ್ಸೋನು ನೋಡ್ಕೋತಾನೆ ಅಂದ್ಕೊಂಡಿದ್ದ."

ಈ ಮಾತು ನನಗೆ ಹೊಸದಲ್ಲ.

"ಒಡೀರಿ ಅಂತ ಹೇಳಿದ್ಯಾರು ಅಂತ ಮೀಟಿಂಗಲ್ಲಿ ಕೇಳಿದ್ರು. ಎಲ್ರೂ ನನ್ ಕಡೆ ನೋಡಿದ್ರು. ದೀಪಾವಳಿ ತನಕ ಟೈಮ್ ಕೊಟ್ಟಿದ್ದಾರೆ. ಅಷ್ಟರಲ್ಲಿ ಸರಿ ಹೋಗ್ಲಿಲ್ಲ ಅಂದ್ರೆ ನಾನು ಬೇರೆ ಕಡೆ ನೋಡ್ಕೋಬೇಕಂತೆ."

ಎರಡು ದಿನ ನುಂಗಿಕೊಂಡಿದ್ದೆ. ಮೂರನೆಯ ಬೆಳಿಗ್ಗೆ ಅವಳು ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಕೂತೆ.

"ಮಗಾ, ನಾನ್ ನಿಂಗೆ ಅರ್ಧ ಕತೆ ಏಳಿದ್ದೆ."

ಎಲ್ಲ ಹೇಳಿದೆ. ಡಬ್ಬ, ಬಿಚ್ಚದ ದಾರ, ಸಂಜೆ ಕದ್ದು ಸುರಿದದ್ದು. ಅವಳ ಕೈಯಲ್ಲಿದ್ದ ಕಾಫಿ ಆರಿತು.

"ಅಂದ್ರೆ ಪಾನಿಪುರಿ ಅಲ್ವಾ?"

"ಅಲ್ಲ."

"ಅಪ್ಪ ಹೋಗಿ ಆ ಗಾಡಿಯವನಿಗೆ ಬೈದು ಬಂದ್ರಲ್ಲ?"

"ಆಗ್ಲೂ ಗೊತ್ತಿತ್ತು ನಂಗೆ."

ಅವಳು ಲೋಟ ಕೆಳಗಿಟ್ಟಳು. "ಒಂಬತ್ತು ವರ್ಷ ಅಜ್ಜಿ" ಎಂದಳು. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಡುಗೆಮನೆಯ ಬಾಗಿಲಲ್ಲಿ ಸೊಸೆ ನಿಂತಿದ್ದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತಲೇ ಇದ್ದಳು.

"ದಾರ ಬಿಚ್ಚಿಲ್ಲ ಅಂತ ನಾನೂ ನೋಡಿದ್ದೆ ಅತ್ತೆ. ನೀವು ಬೇರೆ ಡಬ್ಬದಿಂದ ಹಾಕ್ತಿರ್ಬೋದು ಅಂದ್ಕೊಂಡೆ. ಆಮೇಲೆ ನೀವು ಪಾನಿಪುರಿ ಅಂದ್ರಿ. ನಾನೂ ಸುಮ್ನಾದೆ."

"ನನ್ನ ಕೇಳ್ಬೋದಾಗಿತ್ತಲ್ಲವ್ವ."

"ನೀವೂ ಕೇಳ್ಬೋದಾಗಿತ್ತು."

ಅವಳು ಒಳಗೆ ಹೋಗಿ ಒಲೆ ಸಣ್ಣ ಮಾಡಿದಳು. ರಾತ್ರಿ ಮಗ ಬಂದ ಮೇಲೆ ಅವನಿಗೂ ಎಲ್ಲ ಹೇಳಿದೆ.

ಮೊಮ್ಮಗಳು ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ಬಡಿಸಿದ್ದನ್ನು ಉಂಡಳು, ಆಫೀಸಿಗೆ ಹೋದಳು, ಬಂದಳು. ನಾನು ಕಿತ್ತುಕೊಂಡದ್ದು ಅವಳ ವರ್ಷವನ್ನು ಮಾತ್ರ ಅಲ್ಲ, ಅವಳ ಮೇಲೆ ಅವಳಿಗಿದ್ದ ನಂಬಿಕೆಯನ್ನೂ ಎಂದು ಆ ಮೂರು ದಿನದಲ್ಲಿ ಅರಿವಾಯಿತು. ಹುಡುಗಿ ಒಂದು ತಪ್ಪನ್ನು ತನ್ನದೆಂದು ಹೊತ್ತುಕೊಂಡು ಬೆಳೆದಿದ್ದಳು. ಅದರ ಮೇಲೆ ಈಗ ಇನ್ನೊಂದು ಹೊರೆ, ಅದೂ ನಾನು ಹೊರಿಸಿದ್ದೇ.

ನಾಲ್ಕನೆಯ ದಿನ ಸಂಜೆ ಒಂದು ನೋಟ್‌ಬುಕ್ಕು, ಪೆನ್ಸಿಲ್ಲು ಹಿಡಿದು ಬಂದು ಎದುರಿಗೆ ಕೂತಳು. ಮುಖ ಬಿಗಿದೇ ಇತ್ತು.

"ಏಳು ತೊಂಬೆ ಆದ್ಮೇಲೆ ಏನೇನ್ ತಪ್ಪಾಯ್ತು, ಆಮೇಲ್ ನೀನ್ ಏನ್ ಮಾಡ್ದೆ, ಒಂದೂ ಬಿಡ್ದೆ ಹೇಳು. ಈ ಸಲ ಪೂರ್ತಿ."

ಹೇಳಿದೆ. ಕಾಮಾಲೆಯಾದ ಮೇಲೆ ನಾನು ಬೀದಿಯವರನ್ನು ನಂಬಿ ಕೂರಲಿಲ್ಲ. ಪ್ರತಿ ಸೋಮವಾರ ಬಕೆಟ್ಟು ಹಿಡಿದು ಏಳು ತೊಂಬೆಗೂ ನಾನೇ ನಡೆದೆ. ಕೆಲಸ ಬಿಡುವತನಕ ನಡೆದೆ, ಮಂಡಿ ಹೋದದ್ದು ಅದರಿಂದಲೇ. ಮೋಟರು ಓಡುತ್ತಿದೆಯೋ ಇಲ್ಲವೋ ಎಂದು ಪೆಟ್ಟಿಗೆ ನೋಡುವುದನ್ನು ಬಿಟ್ಟು, ಬೀದಿಯ ಕೊನೇ ಮನೆಯ ನಲ್ಲಿಯಿಂದ ಒಂದು ಲೋಟ ಹಿಡಿದು ಮೂಸಿ ನೋಡುತ್ತಿದ್ದೆ. ಬ್ಲೀಚಿಂಗ್ ವಾಸನೆ ಅಲ್ಲಿಗೆ ಬಂದಿದ್ದರೆ ನಡುವಿನದೆಲ್ಲ ಸರಿ ಇದೆ ಎಂದರ್ಥ. ಇನ್ನೊಂದು ಕೆಲಸವನ್ನೂ ಮಾಡಿಸಿದ್ದೆ. ಕೆಳಗಿನ ಮೂರು ಬೀದಿ ಒಂದಕ್ಕೊಂದು ಅಂಟಿಕೊಂಡಿವೆ, ಒಬ್ಬರ ನೀರು ಇನ್ನೊಬ್ಬರು ಹೊತ್ತುಕೊಂಡು ಹೋಗುವುದು ದಿನದ ಮಾತು. ಆ ಮೂರನ್ನು ಬೇರೆ ಇಟ್ಟು ಲಾಭವಿಲ್ಲ ಎಂದು ದಿಬ್ಬದ ಮೇಲಿನ ಪಾರಿವಾಳದ ಟ್ಯಾಂಕು ತೊಳೆಸಿ ಮತ್ತೆ ಅದಕ್ಕೇ ಸೇರಿಸಿದೆವು. ಮೇಲಿನ ಬೀದಿ, ಮಿಲ್ ಬೀದಿ ಮುಂತಾದ ನಾಲ್ಕು ಬೇರೆಯೇ ಉಳಿದವು.

"ಇದನ್ನ ಯಾಕಜ್ಜಿ ಮೊದ್ಲು ಹೇಳ್ಲಿಲ್ಲ?"

"ಮೂರು ಬೀದಿ ವಾಪಸ್ ಸೇರ್ಸಿದ್ಯಾಕೆ ಅಂತ ನೀನ್ ಕೇಳ್ತಿದ್ದೆ. ಅದು ಡಬ್ಬದ ತನಕ ಬರ್ತಿತ್ತು."

ಅವಳು ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಆಮೇಲೆ ತನ್ನ ಹನ್ನೆರಡು ತುಂಡುಗಳ ಹೆಸರು ಒಂದು ಹಾಳೆಯಲ್ಲಿ ಬರೆದು, ಇದರಲ್ಲಿ ದಿನಾ ಕೊಡ ಹೊತ್ತುಕೊಂಡು ಓಡಾಡೋವು ಯಾವು, ನೀನೇ ಕೇಳು ಅಂದಳು. ನಾನು ಒಂದೊಂದನ್ನೂ ಕೇಳಿದೆ. ಇದು ಕೆಟ್ಟರೆ ಅದಕ್ಕೆ ಕೆಲಸ ಇದೆಯಾ? ಇದನ್ನು ಕೇಳದೆ ಅದು ಒಂದು ಹೆಜ್ಜೆ ಇಡುತ್ತದಾ? ಆರ್ಡರ್, ದುಡ್ಡು, ಸ್ಟಾಕು ಇವು ಕೆಳಗಿನ ಮೂರು ಬೀದಿಯ ಹಾಗೆ ಎಂದು ಅವಳೇ ಹೇಳಿದಳು. ಫೋಟೋ, ಮೆಸೇಜು, ಗಾಡಿ ಬೇರೆಯೇ ಇರಲಿ ಎಂದಳು. ಹಾಳೆಯ ಮೂಲೆಯಲ್ಲಿ ಒಂದು ಬಕೆಟ್ಟಿನ ಚಿತ್ರ ಬರೆದುಕೊಂಡಳು.

ಅಲ್ಲಿಂದ ದೀಪಾವಳಿಯವರೆಗೆ ಅವಳು ಆಫೀಸಿನಲ್ಲಿ ಮಾಡಿದ್ದರಲ್ಲಿ ನನಗೆ ತಿಳಿದಷ್ಟು ಇದು. ಹನ್ನೆರಡರಲ್ಲಿ ಒಂದಕ್ಕೊಂದು ಅಂಟಿದವನ್ನೆಲ್ಲ ಮತ್ತೆ ಸೇರಿಸಿ ನಾಲ್ಕು ಮಾಡಿದರು. ಹಳೆಯ ದೊಡ್ಡದಕ್ಕೂ ಹೋಗಲಿಲ್ಲ, ಹನ್ನೆರಡಕ್ಕೂ ಅಂಟಿಕೊಳ್ಳಲಿಲ್ಲ. ಒಂದು ಆರ್ಡರ್ ಹೊರಟ ಕಡೆಯಿಂದ ಮನೆ ಬಾಗಿಲು ಮುಟ್ಟುವವರೆಗೆ ಹಿಂದೆಯೇ ನಡೆದು ನೋಡಲು ಒಂದು ಏರ್ಪಾಡು ಮಾಡಿದರು. ಅದೇ ಕೊನೇ ಮನೆಯ ನಲ್ಲಿಯ ಲೋಟ. ಎರಡು ತುಂಡಿನ ನಡುವಿನ ಪ್ರತಿಯೊಂದು ಕೆಲಸಕ್ಕೂ ಒಬ್ಬೊಬ್ಬರ ಹೆಸರು ಬರೆದರು. ಗೋಡೆಗೆ ಒಂದು ಚೀಟಿ ಅಂಟಿಸಿದ್ದಾಳಂತೆ: ಬ್ಲೀಚಿಂಗ್ ಯಾರು ಹಾಕ್ತಾರೆ? ಕನ್ನಡ ಬಾರದ ಹುಡುಗರೂ ಈಗ ಮೀಟಿಂಗಿನಲ್ಲಿ ಆ ಮಾತು ಕೇಳುತ್ತಾರಂತೆ.

ಒಂದು ದೊಡ್ಡದು ಒಳ್ಳೆಯದೋ, ಏಳು ಸಣ್ಣದು ಒಳ್ಳೆಯದೋ ಎಂದು ನನ್ನನ್ನು ಕೇಳಿದರೆ, ಊರೆಷ್ಟು ದೊಡ್ಡದು, ನೋಡಿಕೊಳ್ಳುವ ಕೈ ಎಷ್ಟು ಎಂದು ನಾನು ತಿರುಗಿ ಕೇಳುತ್ತೇನೆ. ಒಂದೇ ಟ್ಯಾಂಕಿದ್ದಾಗ ಒಂದು ಕಡೆ ಮುರಿದರೆ ಊರೆಲ್ಲ ಒಣಗುತ್ತಿತ್ತು, ಆದರೆ ಮುರಿದದ್ದು ಎಲ್ಲರಿಗೂ ಗೊತ್ತಾಗುತ್ತಿತ್ತು. ಏಳಾದ ಮೇಲೆ ಒಂದು ಕೆಟ್ಟರೆ ಆರು ಉಳಿಯುತ್ತಿದ್ದವು, ಆದರೆ ಕೆಟ್ಟದ್ದು ಯಾರಿಗೂ ಗೊತ್ತಾಗದೆ ಮಕ್ಕಳ ಕಣ್ಣು ಹಳದಿಯಾಯಿತು. ಇಷ್ಟನ್ನು ನಾನು ಎರಡು ವರ್ಷದ ಹಿಂದೆ ಜಗಲಿಯ ಮೇಲೆ ಹೇಳಿದ್ದರೆ, ಅವಳು ವರಮಹಾಲಕ್ಷ್ಮಿಯ ಸಂಜೆ ಅಂಥ ಮುಖ ಹೊತ್ತು ಬರಬೇಕಾಗಿರಲಿಲ್ಲ.

ಇವತ್ತು ಸಂಜೆ ಅವಳು ಬೇಗ ಬಂದಳು. ಕೈಯಲ್ಲಿ ಸ್ವೀಟಿನ ಪೊಟ್ಟಣ ಇರಬಹುದು ಎಂದು ನೋಡಿದೆ. ಒಂದು ದೊಡ್ಡ ಕವರಿನ ತುಂಬ ಪುರಿ. ಇನ್ನೊಂದರಲ್ಲಿ ಪುದೀನ, ಕೊತ್ತಂಬರಿ, ಆಲೂಗಡ್ಡೆ, ಹುಣಸೆಹಣ್ಣು.

"ಅಜ್ಜಿ, ನಲ್ಲಿಯಿಂದ ಒಂದು ಪಾತ್ರೆ ನೀರು ಹಿಡ್ಕೊಂಡ್ ಬಾ" ಎಂದಳು.

ಹಿಡಿದು ತಂದೆ. ಅವಳೇ ಅದನ್ನು ಕುದಿಸಿ, ಆರಿಸಿ, ಪುದೀನ ಅರೆದು ಪಾನಿ ಮಾಡಿದಳು. ಸೊಸೆ ಆಲೂಗಡ್ಡೆ ಹಿಸುಕಿದಳು. ಮಗ ಕೆಲಸದಿಂದ ಬಂದು, ಕೈಕಾಲು ತೊಳೆದು, ನಡುಮನೆಯಲ್ಲಿ ಕೂತ. ನಾನು ಸುಲಿದ ಅವರೆಕಾಳಿನ ಸಾರು, ಬಿಸಿ ಮುದ್ದೆ ಒಂದು ಕಡೆ, ಪಾನಿಪುರಿ ಒಂದು ಕಡೆ. ನಾಲ್ಕೂ ಜನ ಸುತ್ತ ಕೂತೆವು. ಅವಳು ಒಂದು ಪುರಿಗೆ ಹೆಬ್ಬೆರಳಿನಿಂದ ತೂತು ಮಾಡಿ, ತುಂಬಿ, ಪಾನಿಯಲ್ಲಿ ಅದ್ದಿ ನನ್ನ ಬಾಯಿಯ ಹತ್ತಿರ ಹಿಡಿದಳು.

"ಮೊದಲ್ನೇದು ನಿಂಗೆ."

ನನಗೆ ಬಾಯಿ ತೆರೆಯಲಾಗಲಿಲ್ಲ.

"ಬ್ಲೀಚಿಂಗ್ ಯಾರ್ ಹಾಕಿದ್ದು ಅಂತ ಕೇಳಲ್ವಾ ಅತ್ತೆ?" ಎಂದಳು ಸೊಸೆ. ಮಗಳು ತಾಯಿ ಇಬ್ಬರೂ ನಕ್ಕರು. ನಾನು ಬಾಯಿ ತೆರೆದೆ. ಖಾರ ಮೂಗಿಗೆ ಏರಿ ಕಣ್ಣಲ್ಲಿ ನೀರು ಬಂತು. ಅದು ಖಾರಕ್ಕೇ ಎಂದು ಅವರು ತಿಳಿದುಕೊಂಡರು, ನಾನೂ ಹಾಗೇ ಬಿಟ್ಟೆ.

ಆಮೇಲೆ ಅವಳು ಒಂಬತ್ತು ವರ್ಷದ ಮೇಲೆ ತಾನೂ ಒಂದು ತಿಂದಳು. ಕಣ್ಣು ಮುಚ್ಚಿಕೊಂಡು ನಿಧಾನವಾಗಿ ಅಗಿದಳು.

ಮಗ ಮಾತ್ರ ಕೈಯಲ್ಲಿದ್ದ ಪುರಿಯನ್ನು ತಿರುಗಿಸುತ್ತ ಕೂತಿದ್ದ.

"ಆ ಗಾಡಿಯವನು ಎ‌ಲ್ಲೋದ್ನೋ" ಎಂದ.

ಸೊಸೆ ಅವನ ತಟ್ಟೆಗೆ ಮುದ್ದೆ ಹಾಕಿದಳು. ಮೊಮ್ಮಗಳು ಎರಡನೆಯ ಪುರಿಗೆ ತೂತು ಮಾಡಿ, ತುಂಬಿ, ಅದ್ದಿ, ಅಪ್ಪನ ಕೈಗೆ ಕೊಟ್ಟಳು. ಅವನು ತಿಂದ. ನಾವೆಲ್ಲ ತಿಂದೆವು.